ಊರು ಬಿಡದ ಜಾರ್ಜ್ ಬೈಲಿ

ಕ್ರಿಸ್‌ಮಸ್ ಬಂದಿತೆಂದರೆ ಅಮೆರಿಕದ ಅಸಂಖ್ಯ ಮನೆಗಳಲ್ಲಿ ತಪ್ಪದೆ ನೋಡುವ ಚಿತ್ರವೊಂದುಂಟು: ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಫ್ರ್ಯಾಂಕ್ ಕಾಪ್ರಾ ನಿರ್ದೇಶಿಸಿ, 1946ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡ ಈ ಕಪ್ಪುಬಿಳುಪಿನ ಚಿತ್ರವನ್ನು ಅಲ್ಲಿ ಎಷ್ಟೋ ಮಕ್ಕಳು ಅಕ್ಷರ ಕಲಿಯುವ ಮೊದಲೇ ನೋಡಿರುತ್ತಾರೆ. ನನಗೆ ಅದರ ದರ್ಶನವಾದುದು ಮೂವತ್ತಾರು ತುಂಬಿದ ಮೇಲೆ, ಮನೆಯವರೆಲ್ಲ ಮಲಗಿದ್ದ ಒಂದು ರಾತ್ರಿ. ದೇವದೂತ, ಹಿಮ, ಗಂಟೆಯ ನಾದ ಇವುಗಳಿಂದ ಕೂಡಿದ ಹಬ್ಬದ ಕಥೆಯೆಂದು ಅದಕ್ಕೆ ಪ್ರಸಿದ್ಧಿ. ಅವೆಲ್ಲವೂ ಅದರಲ್ಲಿ ಇವೆ, ನಿಜ. ಆದರೆ ಅವುಗಳಿಗಿಂತ ಹೆಚ್ಚಾಗಿ ಇರುವುವು ಸಾಲ, ಠೇವಣಿ, ಜೀವವಿಮೆ, ಲೆಕ್ಕಪರಿಶೋಧನೆ! ಎರಡು ಗಂಟೆ ಹತ್ತು ನಿಮಿಷದ ಚಿತ್ರದಲ್ಲಿ ದೇವದೂತನು ಭೂಮಿಗಿಳಿಯುವುದೇ ಒಂದೂವರೆ ಗಂಟೆ ಕಳೆದ ಮೇಲೆ.

ಬೆಡ್‌ಫರ್ಡ್ ಫಾಲ್ಸ್ ಎಂಬುದು ಕಲ್ಪಿತವಾದೊಂದು ಸಣ್ಣ ಊರು. ಅಲ್ಲಿಯ ಜಾರ್ಜ್ ಬೈಲಿಗೆ ದೇಶ ಸುತ್ತಬೇಕು, ದೊಡ್ಡ ಸೇತುವೆಗಳನ್ನು ಕಟ್ಟಬೇಕು ಎಂಬ ಹಂಬಲ. ತಂದೆ ನಡೆಸುತ್ತಿದ್ದುದು ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಸಂಸ್ಥೆ. ನಮ್ಮ ಗೃಹನಿರ್ಮಾಣ ಸಹಕಾರ ಸಂಘಗಳನ್ನು ನೆನೆದರೆ ಅದರ ಸ್ವರೂಪ ತಿಳಿದೀತು. ತಂದೆ ತೀರಿಕೊಂಡಾಗ, ಊರನ್ನೆಲ್ಲ ನುಂಗಲು ಹೊಂಚುತ್ತಿರುವ ಸಿರಿವಂತ ಪಾಟರನ ಕೈಗೆ ಸಂಸ್ಥೆ ಸಿಗಬಾರದೆಂದು ಜಾರ್ಜ್ ಊರಿನಲ್ಲಿ ಉಳಿಯುತ್ತಾನೆ. ಕಾಲೇಜಿಗೆಂದು ಕೂಡಿಟ್ಟ ಹಣ ತಮ್ಮ ಹ್ಯಾರಿಯ ಪಾಲಾಗುತ್ತದೆ. ತಮ್ಮ ಓದಿ ಬಂದು ಹೊಣೆ ಹೊರಬೇಕು, ಅಣ್ಣ ಹೊರಡಬೇಕು ಎಂಬುದು ಒಪ್ಪಂದ.

ನಾಲ್ಕು ವರ್ಷಗಳ ತರುವಾಯ ರೈಲುನಿಲ್ದಾಣದಲ್ಲಿ ಹ್ಯಾರಿ ಇಳಿಯುತ್ತಾನೆ, ಜೊತೆಯಲ್ಲಿ ಹೊಸ ಹೆಂಡತಿ. ತನ್ನ ತಂದೆ ಇವರಿಗೆ ಒಳ್ಳೆಯ ಕೆಲಸ ಕೊಡುವವರಿದ್ದಾರೆಂದು ಆಕೆ ಸಂಭ್ರಮದಿಂದ ಹೇಳುತ್ತಾಳೆ. ಬಳಿಕ ಕ್ಯಾಮರಾ ಜಾರ್ಜನ ಮುಖವೊಂದನ್ನೇ ಹಿಡಿದು ಸಾಗುತ್ತದೆ. ಮಾತಿಲ್ಲ. ಆ ಕೆಲವೇ ಕ್ಷಣಗಳಲ್ಲಿ ಒಬ್ಬ ಮನುಷ್ಯನ ಸೇತುವೆಗಳೆಲ್ಲ ಕುಸಿಯುತ್ತವೆ. ಮರುಕ್ಷಣ ಅವನು ನಗುವನ್ನು ತಂದುಕೊಂಡು ತಮ್ಮನ ಬಳಿಗೆ ನಡೆಯುತ್ತಾನೆ. ಹತ್ತು ವರ್ಷದ ಹುಡುಗನಿಗೆ ಇಲ್ಲಿ ಏನೂ ನಡೆದಂತೆ ಕಾಣದು. ತಮ್ಮಂದಿರನ್ನು ಓದಿಸಿ, ತಾನು ಹುಟ್ಟಿದ ಊರಿನಲ್ಲೇ ಉಳಿದ ಹಿರಿಯಣ್ಣಂದಿರು ನಮ್ಮ ಮನೆಗಳಲ್ಲಿ ಅಪರೂಪವೆ? ಅಂಥವರ ಮುಖವನ್ನು ಇಷ್ಟು ಹತ್ತಿರದಿಂದ ನಾವೆಂದೂ ನೋಡಿಲ್ಲ.

ಜಾರ್ಜನ ಪಾತ್ರಧಾರಿ ಜೇಮ್ಸ್ ಸ್ಟುವರ್ಟ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳನ್ನು ಹಾರಿಸಿ ಮರಳಿದ ಬಳಿಕ ಅವನು ನಟಿಸಿದ ಮೊದಲ ಚಿತ್ರವಿದು. ಅವನ ಕಣ್ಣಿನ ದಣಿವು ಕೇವಲ ನಟನೆಯಲ್ಲವೇನೋ ಎಂದು ನನಗೆ ತೋರುತ್ತದೆ.

ಮದುವೆಯ ದಿನವೂ ಜಾರ್ಜ್ ಊರು ದಾಟಲಾರ. ಠೇವಣಿದಾರರು ಗಾಬರಿಯಿಂದ ಸಂಸ್ಥೆಗೆ ಮುಗಿಬಿದ್ದಿದ್ದಾರೆ. ನಿಮ್ಮ ಹಣ ತಿಜೋರಿಯಲ್ಲಿಲ್ಲ, ನೆರೆಯವರ ಮನೆಯ ಗೋಡೆಗಳಲ್ಲಿದೆ ಎಂದು ಅವನು ತಿಳಿಹೇಳುತ್ತಾನೆ. ಅರ್ಥಶಾಸ್ತ್ರದ ಪಾಠವನ್ನು ಇಷ್ಟು ಸರಳವಾಗಿ ಹೇಳಿದ ಅಧ್ಯಾಪಕರು ವಿರಳ! ಹೆಂಡತಿ ಮೇರಿ ವಿಹಾರಕ್ಕೆಂದು ಇಟ್ಟಿದ್ದ 2,000 ಡಾಲರುಗಳನ್ನು ಎತ್ತಿ ಹಿಡಿಯುತ್ತಾಳೆ. ಒಬ್ಬಾತ ಹಟದಿಂದ ತನ್ನ 242 ಡಾಲರನ್ನೂ ಎಣಿಸಿಕೊಳ್ಳುತ್ತಾನೆ. ಒಬ್ಬ ಹೆಂಗಸು ಹದಿನೇಳೂವರೆ ಸಾಕೆನ್ನುತ್ತಾಳೆ. ಬಾಗಿಲು ಮುಚ್ಚುವ ವೇಳೆಗೆ ಉಳಿದುದು ಎರಡೇ ಡಾಲರು.

1945ರ ಡಿಸೆಂಬರ್ 24ರಂದು ಚಿಕ್ಕಪ್ಪ ಬಿಲ್ಲಿಯ ಮರೆವಿನಿಂದ 8,000 ಡಾಲರು ಪಾಟರನ ಕೈಸೇರುತ್ತದೆ. ಅವನು ತುಟಿಪಿಟಕ್ಕೆನ್ನದೆ ಅದನ್ನು ಇಟ್ಟುಕೊಳ್ಳುತ್ತಾನೆ. ಸೆರೆಮನೆಯ ಭೀತಿ ಹೊತ್ತು ಮನೆಗೆ ಬಂದ ಜಾರ್ಜ್ ಹೆಂಡತಿಯ ಮೇಲೆ, ಪಿಯಾನೋ ಅಭ್ಯಾಸ ಮಾಡುತ್ತಿರುವ ಮಗಳ ಮೇಲೆ ಕೂಗಾಡುತ್ತಾನೆ. ಮೆಟ್ಟಿಲ ಬದಿಯ ಕಂಬದ ತಲೆಯಲ್ಲಿರುವ ಮರದ ಗುಂಡು ಎಂದಿನಂತೆ ಕಿತ್ತು ಕೈಗೆ ಬರುತ್ತದೆ. ಅವನಿಗೆ ಅದನ್ನು ಎಸೆಯುವಷ್ಟು ಸಿಟ್ಟು. ಹಬ್ಬದ ಚಿತ್ರದಲ್ಲಿ ಇಂಥ ದೃಶ್ಯವಿದೆಯೆಂದು ಯಾರೂ ನನಗೆ ಹೇಳಿರಲಿಲ್ಲ.

ಈ ಚಿತ್ರದ ಜಾತಕವೂ ವಿಚಿತ್ರವಾದುದು. ಮೂಲಕಥೆಯನ್ನು ಬರೆದ ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್, ಪ್ರಕಾಶಕರು ಸಿಗದೆ, 1943ರಲ್ಲಿ ಅದನ್ನು 200 ಪ್ರತಿಗಳ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಕ್ರಿಸ್‌ಮಸ್ ಶುಭಾಶಯವಾಗಿ ಹಂಚಿದ್ದನು. ಚಿತ್ರೀಕರಣ ನಡೆದುದು ಕ್ಯಾಲಿಫೋರ್ನಿಯಾದಲ್ಲಿ, ಬಹುಪಾಲು ಬಿಸಿಲಿನ ದಿನಗಳಲ್ಲಿ. ಬೆಂಕಿ ನಂದಿಸುವ ನೊರೆಗೆ ಸಾಬೂನು ಬೆರೆಸಿ ಹಿಮ ಸುರಿಸಿದರು. ಐದು ಆಸ್ಕರ್ ನಾಮನಿರ್ದೇಶನಗಳು ದೊರೆತರೂ ಅವುಗಳಲ್ಲಿ ಒಂದೂ ಫಲಿಸಲಿಲ್ಲ, ಹಣವೂ ಸಾಲದಾಯಿತು. 1974ರಲ್ಲಿ ಚಿತ್ರದ ಕೃತಿಸ್ವಾಮ್ಯವನ್ನು ನವೀಕರಿಸದೆ ಬಿಟ್ಟದ್ದರಿಂದ ದೂರದರ್ಶನ ಕೇಂದ್ರಗಳು ಅದನ್ನು ಡಿಸೆಂಬರ್ ಬಂದಾಗಲೆಲ್ಲ ತೋರಿಸತೊಡಗಿದವು. ಮನೆಮಾತಾದುದು ಹೀಗೆ, ಯಾರದೋ ಅಲಕ್ಷ್ಯದಿಂದ!

ಸೇತುವೆಯ ಮೇಲೆ ಸಾಯಲು ನಿಂತ ಜಾರ್ಜನಿಗೆ ದೇವದೂತ ಕ್ಲಾರೆನ್ಸನು, ಅವನು ಹುಟ್ಟಿಯೇ ಇರದಿದ್ದರೆ ಊರು ಹೇಗಿರುತ್ತಿತ್ತೆಂದು ತೋರಿಸುತ್ತಾನೆ. ಬಾಲ್ಯದಲ್ಲಿ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ತಮ್ಮನನ್ನು ಎತ್ತುವಾಗ ಜಾರ್ಜನ ಒಂದು ಕಿವಿ ಕೆಟ್ಟಿತ್ತು. ಈ ಇನ್ನೊಂದು ಊರಿನಲ್ಲಿ ತಮ್ಮನ ಗೋರಿಯಿದೆ. ಮುಂದೆ ಆ ತಮ್ಮ ಯುದ್ಧದಲ್ಲಿ ಕಾಪಾಡಬೇಕಾಗಿದ್ದ ಸೈನಿಕರೂ ಇಲ್ಲ. ಇಲ್ಲಿ ಮಾತ್ರ ನನ್ನದೊಂದು ತಕರಾರು: ಮೇರಿಗೆ ಒದಗಿದ ಘೋರ ದುರ್ಗತಿಯೆಂದು ಕಾಪ್ರಾ ತೋರಿಸುವುದು, ಆಕೆ ಅವಿವಾಹಿತಳಾಗಿ ಗ್ರಂಥಪಾಲಕಿಯಾಗಿರುವುದನ್ನು! ಗ್ರಂಥಾಲಯದಲ್ಲಿ ಬಾಳು ಸವೆಸುವುದು ಅಷ್ಟು ಭೀಕರವೆಂದು ನಾನಂತೂ ಒಪ್ಪಲಾರೆ.

ಕೊನೆಯಲ್ಲಿ ಊರಿನವರು ತಮ್ಮ ಕೈಲಾದುದನ್ನು ತಂದು ಮೇಜಿನ ಮೇಲೆ ಸುರಿಯುವ ದೃಶ್ಯವೇ ಜಗತ್ಪ್ರಸಿದ್ಧ. ಕದ್ದ ಪಾಟರನಿಗೆ ಶಿಕ್ಷೆಯಾಗುವುದಿಲ್ಲ. ಅಪರಾಧಿಗೆ ದಂಡನೆ ಬೇಕೆನ್ನುತ್ತಿದ್ದ ಅಂದಿನ ಹಾಲಿವುಡ್ಡಿನಲ್ಲಿ ಇದು ಆಶ್ಚರ್ಯವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದುದು ಅದಕ್ಕೆ ತುಸು ಮೊದಲಿನ ಗಳಿಗೆ. ಬದುಕು ಮರಳಿ ದೊರೆತ ಜಾರ್ಜ್ ಹಿಮದಲ್ಲಿ ಓಡುತ್ತ ಮನೆಗೆ ಬರುತ್ತಾನೆ. ಲೆಕ್ಕಪರಿಶೋಧಕನೂ, ಬಂಧನದ ಆಜ್ಞೆ ಹಿಡಿದ ಅಧಿಕಾರಿಯೂ ಅಲ್ಲಿ ಕಾದಿದ್ದಾರೆ. ಹಣ ಇನ್ನೂ ಬಂದಿಲ್ಲ. ಬರುವ ಸುಳಿವೂ ಅವನಿಗಿಲ್ಲ. ಅವರನ್ನು ನಗುತ್ತಲೇ ಮಾತನಾಡಿಸಿ, ಮಕ್ಕಳನ್ನು ಕಾಣಲು ಮೆಟ್ಟಿಲೇರುತ್ತಾನೆ. ಮರದ ಗುಂಡು ಮತ್ತೆ ಕಿತ್ತು ಕೈಗೆ ಬರುತ್ತದೆ. ಅದಕ್ಕೆ ಮುತ್ತಿಟ್ಟು, ಇದ್ದಲ್ಲಿಯೇ ಇಟ್ಟು, ಮೇಲಕ್ಕೆ ಓಡುತ್ತಾನೆ.