ಮುಡಬಿಗೆ ಬಂದಿಳಿದ ಡಾಲ್ಫಿನ್!

ಹೀರೋ ಪರದೆಗೆ ಬರುವ ಮುಂಚೆ ಅವನ ಗಾಡಿ ಬರುತ್ತದೆ. ಚಿತ್ರರಸಿಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲು ಚಕ್ರ, ಆಮೇಲೆ ಬೂಟು, ಆಮೇಲೆ ಕೂಲಿಂಗ್ ಗ್ಲಾಸು, ಕಟ್ಟಕಡೆಗೆ ಮುಖ... ಅಷ್ಟರಲ್ಲಿ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೆಲ್ಲ ಖರ್ಚಾಗಿರುತ್ತದೆ! ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಹೀರೋ ಮುಖ ನೋಡಿ ಮನೆಗೆ ಬರುತ್ತೇವೆ. ಉಳಿದವರು ಗಾಡಿಯನ್ನೇ ಕಣ್ಣಲ್ಲಿ ತುಂಬಿಕೊಂಡು ಬರುತ್ತಾರೆ. ಅವರ ಕಾಯಿಲೆಗೆ ಮದ್ದಿಲ್ಲ.

ಅಂಥವರೊಬ್ಬರು ಮುಡಬಿಯಲ್ಲಿದ್ದಾರೆ. ಹೌದು, ಬಸವಕಲ್ಯಾಣ ತಾಲ್ಲೂಕಿನ ನಮ್ಮ ಮುಡಬಿಯೇ. ತೊಗರಿ, ಉದ್ದು, ಸೋಯಾ ಬೆಳೆಯುವ ಊರು. ಇಲ್ಲಿ ಗಾಡಿ ಅಂದರೆ ಟ್ರ್ಯಾಕ್ಟರು, ಟಂಟಂ, ಇಲ್ಲವೇ ಬೈಕು. ಊರಿನವರು ಅವರನ್ನು 'ಮೇಸ್ತ್ರಿ ಕಾಕಾ' ಅಂತಲೇ ಕರೆಯುವುದು. 'ಪತ್ರಿಕೆಯೊಳಗ ನನ್ನ ಹೆಸರು ಬ್ಯಾಡ ತಮ್ಮಾ, ಗಾಡಿ ಹೆಸರು ದೊಡ್ಡದಾಗಿ ಬರೀ' ಅಂದಿದ್ದಾರೆ. ಹಾಗೇ ಆಗಲಿ.

ಕಾಕಾಗೆ ಈಗ ಐವತ್ತೇಳು. ಹದಿಮೂರರ ಹುಡುಗನಾಗಿದ್ದಾಗ 'ಮಿಂಚಿನ ಓಟ' ನೋಡಿದರಂತೆ. 1980ರ ಚಿತ್ರ, ಶಂಕರ್‌ನಾಗ್ ನಿರ್ದೇಶಿಸಿದ ಮೊದಲ ಚಿತ್ರ. ಅನಂತನಾಗ್, ಶಂಕರ್‌ನಾಗ್ ಇಬ್ಬರೂ ಅದರಲ್ಲಿ ಕಾರು ಕಳ್ಳರು! ಸಿನಿಮಾ ನೋಡಿದ ಮಿಕ್ಕ ಹುಡುಗರು ಕಳ್ಳರ ಹಾಗೆ ಓಡಿ ಆಡಿದರೆ ಇವರು ಮಾತ್ರ 'ಕೀಲಿ ಇಲ್ದೆ ಗಾಡಿ ಹ್ಯಾಂಗ ಚಾಲೂ ಮಾಡ್ತಾರ?' ಅಂತ ಯೋಚಿಸಿದರಂತೆ. ಮುಂದಿನ ವರ್ಷವೇ ಶಾಲೆಗೆ ನಮಸ್ಕಾರ. ಹುಮನಾಬಾದಿನಲ್ಲಿ ಹೈದರಾಬಾದು-ಪುಣೆ ಹೆದ್ದಾರಿ ಮೇಲಿನ ಒಂದು ಗ್ಯಾರೇಜಿಗೆ ಪಾನಾ ಹಿಡಿಯಲು ಸೇರಿಕೊಂಡರು.

ಆ ಗ್ಯಾರೇಜಿಗೆ ಒಂದು ಮಧ್ಯಾಹ್ನ ಟೈರು ಪಂಕ್ಚರಾಗಿ ಬಂದು ನಿಂತದ್ದೇ ಡಾಲ್ಫಿನ್. ಕೆಂಪು ಬಣ್ಣ, ಎರಡೇ ಬಾಗಿಲು, ಮೈಮೇಲೆ ರ‍್ಯಾಲಿ ಸ್ಟಿಕ್ಕರುಗಳು. ಅಂಬಾಸಿಡರಿನ ಪಕ್ಕ ನಿಂತರೆ ಎಮ್ಮೆ ಪಕ್ಕ ಮೇಕೆಮರಿ ನಿಂತ ಹಾಗೆ. ಹುಡುಗ ಬಾನೆಟ್ಟಿನ ಮೇಲೆ ಬೆರಳಿಂದ ಬಡಿದು ನೋಡಿದ. ಟಣ್ ಅನ್ನಲಿಲ್ಲ, ಟಪ್ ಅಂದಿತು. ತಗಡಲ್ಲ, ಫೈಬರ್! 'ಅವತ್ತೇ ಮನಸ್ಸಿನ್ಯಾಗ ಬರಕೊಂಡೆ, ಸಾಯೂದ್ರಾಗ ಇಂಥಾದೊಂದು ನನ್ನ ಅಂಗಳದಾಗ ನಿಲ್ಲಬೇಕು ಅಂತ' ಅನ್ನುತ್ತಾರೆ ಕಾಕಾ.

ನಮ್ಮ ಬೆಂಗಳೂರ ಕೂಸು

ಇಂದಿನ ಹುಡುಗರಿಗೆ ಡಾಲ್ಫಿನ್ ಅಂದರೆ ಮೀನು. ಅದಕ್ಕೇ ಸ್ವಲ್ಪ ಹೇಳಿಬಿಡುತ್ತೇನೆ. 1982ರಲ್ಲಿ ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಹೊರತಂದ ಕಾರು ಅದು. ಮೂಲ ಇಂಗ್ಲೆಂಡಿನದು, ಅಲ್ಲಿನ ರಿಲಯಂಟ್ ಕಂಪನಿಯ 'ಕಿಟನ್', ಅಂದರೆ ಬೆಕ್ಕಿನ ಮರಿ. ಬೆಕ್ಕಿನ ಮರಿ ಕಡಲು ದಾಟಿ ಬಂದು ಡಾಲ್ಫಿನ್ ಆಯಿತು! ಎಂಜಿನ್ 848 ಸಿ.ಸಿ., ನಾಲ್ಕು ಸಿಲಿಂಡರು, ಎರಕವೆಲ್ಲ ಅಲ್ಯೂಮಿನಿಯಂ. ಕೆಳಗೆ ಉಕ್ಕಿನ ಛಾಸಿ, ಮೇಲೆ ಫೈಬರ್ ಮೈ. ಒಟ್ಟು ತೂಕ ಅರ್ಧ ಟನ್ನಿನ ಆಸುಪಾಸು. ಎಂಜಿನ್ ಮುಂದೆ, ಎಳೆಯುವ ಶಕ್ತಿ ಹಿಂದಿನ ಚಕ್ರಕ್ಕೆ.

ಇದೇ ಎಂಜಿನ್ ಮನೆತನದ ಇನ್ನೊಂದು ಗಾಡಿಯನ್ನು ನೀವೆಲ್ಲ ನೋಡಿದ್ದೀರಿ. ಮಿಸ್ಟರ್ ಬೀನ್ ಸಿಕ್ಕಲ್ಲೆಲ್ಲ ಗುದ್ದಿ ಉರುಳಿಸುವ ನೀಲಿ ಮೂರು ಗಾಲಿ ಗಾಡಿ ನೆನಪಿದೆಯಲ್ಲ? ಅದು ರಿಲಯಂಟ್ ರೀಗಲ್. ನಮ್ಮ ಡಾಲ್ಫಿನ್ನಿಗೆ ದೊಡ್ಡಪ್ಪ ಆಗಬೇಕು!

ಹಗುರ ಮೈ, ಹಿಂಚಕ್ರದ ಎಳೆತ. ರ‍್ಯಾಲಿ ಓಡಿಸುವ ಹುಡುಗರು ಇದನ್ನು ಎತ್ತಿಕೊಂಡು ಮುದ್ದಾಡಿದರು. ಮದ್ರಾಸಿನ ಹತ್ತಿರದ ಶೋಲಾವರಂ ರೇಸಿನಲ್ಲೂ ಇದು ಓಡಿತು. ಆದರೆ ಮನೆಮಂದಿಗೆ ರೇಸು ಏತಕ್ಕೆ? ಅವರಿಗೆ ಬೇಕಾದದ್ದು ನಾಲ್ಕು ಬಾಗಿಲು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು ನೋಡಿ, ಡಾಲ್ಫಿನ್ ಕಥೆ ಇಂಟರ್ವಲ್ಲಿಗೇ ಮುಗಿಯಿತು. ಹೆಚ್ಚಿನ ಬಾಗಿಲಿಟ್ಟು 'ಮೊಂಟಾನಾ' ಅಂತ ತಂದರೂ ಮಾರುತಿ ಮುಂದೆ ನಡೆಯಲಿಲ್ಲ.

'ಇದು ಸ್ಪೋರ್ಟ್ಸ್ ಕಾರೇನ್ರೀ?' ಅಂತ ಮೂಗು ಮುರಿಯುವವರು ಇದ್ದಾರೆ. ಕಾಗದದ ಮೇಲೆ ಅಲ್ಲ. 1998ರಲ್ಲಿ ಸ್ಯಾನ್ ಮೋಟರ್ಸ್ ತಂದ ಎರಡೇ ಸೀಟಿನ 'ಸ್ಟಾರ್ಮ್' ಬೇಕಾದರೆ ಕಾಗದದ ಮೇಲೂ ಸ್ಪೋರ್ಟ್ಸ್ ಕಾರು. ನನ್ನ ಮಾತು ಕೇಳಿದರೆ, ಸ್ಟೇರಿಂಗ್ ಹಿಡಿದವನಿಗೆ ಮೈ ಜುಮ್ಮೆನ್ನಿಸಿದ್ದೆಲ್ಲ ಸ್ಪೋರ್ಟ್ಸ್ ಕಾರೇ.

ನಲವತ್ತು ಸಾವಿರಕ್ಕೆ ಒಂದು ಕೋಳಿಗೂಡು

2022ರ ದೀಪಾವಳಿ ಹೊತ್ತಿಗೆ ಕಲಬುರಗಿಯಿಂದ ಸುದ್ದಿ ಬಂತು. ತೀರಿಹೋದ ಡಾಕ್ಟರೊಬ್ಬರ ಮನೆ ಹಿತ್ತಲಿನಲ್ಲಿ 1984ರ ಡಾಲ್ಫಿನ್ ನಿಂತಿದೆ, ಒಳಗೆ ಕೋಳಿ ಕಾವಿಗೆ ಕೂತಿದೆ! ಗುಜರಿಯವನು ಹನ್ನೆರಡು ಸಾವಿರಕ್ಕೆ ಕೇಳಿದ್ದ. ಕಾಕಾ ನಲವತ್ತು ಸಾವಿರ ಎಣಿಸಿ, ಟೆಂಪೋದಲ್ಲಿ ಹೇರಿಸಿಕೊಂಡು ಬಂದೇಬಿಟ್ಟರು.

ಇಲ್ಲಿಂದ ಜಗಳ ಶುರು. ಆ ದುಡ್ಡು ಬೇರೆ ಕೆಲಸಕ್ಕೆ ಅಂತ ಕೂಡಿಟ್ಟದ್ದು. ಈಗಿನ ಗಾಡಿಗಳಲ್ಲಿ ಎಲ್ಲ ಸೆನ್ಸರು. ಎಂಜಿನ್ ಲೈಟ್ ಹತ್ತಿದರೆ ಪಾನಾ, ಸ್ಕ್ರೂಡ್ರೈವರ್ ಹಿಡಿದು ಏನೂ ತಿಳಿಯುವುದಿಲ್ಲ, ಸ್ಕ್ಯಾನರ್ ಚುಚ್ಚಿ ನೋಡಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಿಂದ ಗಿರಾಕಿ ಒಬ್ಬೊಬ್ಬರಾಗಿ ಬಸವಕಲ್ಯಾಣಕ್ಕೆ, ಹುಮನಾಬಾದಿಗೆ ಜಾರುತ್ತಿದ್ದರು. ಐ.ಟಿ.ಐ. ಮುಗಿಸಿದ ಮಗ ಎರಡು ವರ್ಷದಿಂದ ಹೇಳುತ್ತಲೇ ಇದ್ದ. ಕೊನೆಗೆ ಅಪ್ಪ 'ಈ ದೀಪಾವಳಿಗೆ ತರೂಣು' ಅಂದಿದ್ದರು. ದೀಪಾವಳಿಗೆ ಬಂದದ್ದು ಕೋಳಿಗೂಡು!

ಮಗ ಮೂರು ದಿನ ಊಟದ ಹೊತ್ತಿಗೆ ಮನೆಗೆ ಬರಲಿಲ್ಲ. ಆಮೇಲೆ ಪುಣೆಗೆ ಹೋಗಿ ಒಂದು ಸರ್ವೀಸ್ ಸೆಂಟರು ಸೇರಿಕೊಂಡ. ಚಿತ್ರದಲ್ಲಾಗಿದ್ದರೆ ನಾನು ಕಾಕಾ ಕಡೆಯವನು. ಇಲ್ಲಿ ಮಗನ ಮಾತಿನಲ್ಲೂ ನ್ಯಾಯವಿತ್ತು. ಅವನು ಕೇಳಿದ್ದು ತನಗಾಗಿಯಲ್ಲ, ಗ್ಯಾರೇಜಿಗಾಗಿ.

ಹನ್ನೊಂದು ಜನ, ಒಂದು ಪಲ್ಲಕ್ಕಿ

ಡಾಲ್ಫಿನ್ ಮೈಯನ್ನು ಛಾಸಿಗೆ ಬೋಲ್ಟಿನಿಂದ ಕಟ್ಟಿರುತ್ತಾರೆ. ಬೋಲ್ಟು ಬಿಚ್ಚಿದರೆ ಮೈ ಬೇರೆ, ಛಾಸಿ ಬೇರೆ. ಬೋಲ್ಟು ಬಿಚ್ಚಲಿಕ್ಕೇ ಹದಿನೈದು ದಿನ ಹಿಡಿಯಿತು. ಒಂದೊಂದಕ್ಕೂ ರಾತ್ರಿ ಡೀಸೆಲ್ ಹನಿ ಹಾಕುವುದು, ಬೆಳಿಗ್ಗೆ ತಿರುಗಿಸಿ ನೋಡುವುದು. ಒಂದು ಭಾನುವಾರ ಹನ್ನೊಂದು ಜನ ಹುಡುಗರು ಸೇರಿ ಜಾತ್ರೆಯ ಪಲ್ಲಕ್ಕಿ ಎತ್ತಿದ ಹಾಗೆ ಮೈಯನ್ನು ಎತ್ತಿ ಬೇವಿನ ಮರದ ಕೆಳಗೆ ಇಳಿಸಿದೆವು. ಒಂದು ಮೂಲೆ ನನ್ನದೂ ಇತ್ತು.

ಕೆಳಗಿನ ದೃಶ್ಯ ನೋಡಿ ಎಲ್ಲರೂ ಸುಮ್ಮನಾದರು. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅದರ ಅಡಿಯ ಉಕ್ಕಿಗೆ ಹಿಡಿಯುತ್ತದಲ್ಲ! ಮೇಲಿನಿಂದ ನೋಡಿದರೆ ಮದುಮಗ, ಕೆಳಗೆ ಕಾಲೇ ಇಲ್ಲ. ಛಾಸಿಯ ಹಿಂಭಾಗ ಕೈಯಲ್ಲಿ ಹಪ್ಪಳದಂತೆ ಮುರಿದು ಬಂತು. ಅಷ್ಟನ್ನೂ ಕತ್ತರಿಸಿ ತೆಗೆದು, ಅದೇ ಅಳತೆಗೆ ಹೊಸ ಉಕ್ಕು ಬಗ್ಗಿಸಿ ವೆಲ್ಡಿಂಗ್ ಮಾಡಿದರು. ಅಳತೆ ಅರ್ಧ ಬೆರಳು ತಪ್ಪಿದರೂ ಗಾಡಿ ಓರೆಯಾಗಿ ಓಡುತ್ತದೆ. ಅದಕ್ಕೆ ಕತ್ತರಿಸುವ ಮುಂಚೆ ಮೂಲೆಯಿಂದ ಮೂಲೆಗೆ ದಾರ ಎಳೆದು, ಗಂಟು ಹಾಕಿ, ಆ ದಾರವನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು.

ಎಂಜಿನ್ನಿನದು ಇನ್ನೊಂದು ಕಥೆ. ಅಲ್ಯೂಮಿನಿಯಂ ಎಂಜಿನ್ನಿಗೆ ಬರೀ ಬೋರ್‌ವೆಲ್ ನೀರು ಹುಯ್ದರೆ ಒಳಗೇ ತಿಂದುಹಾಕುತ್ತದೆ. ನಮ್ಮ ಕಡೆಯ ನೀರು ಗೊತ್ತಲ್ಲ, ಕೊಡದಲ್ಲಿಟ್ಟರೆ ಕೊಡಕ್ಕೇ ಸುಣ್ಣ ಕಟ್ಟುತ್ತದೆ. ಡಾಕ್ಟರ ಡ್ರೈವರು ವರ್ಷಗಟ್ಟಲೆ ಅದನ್ನೇ ಹುಯ್ದಿದ್ದ. ನೀರಿನ ದಾರಿ ಮುಚ್ಚಿ, ಕಾದು, ಹೆಡ್ ಬಗ್ಗಿ, ಗ್ಯಾಸ್ಕೆಟ್ ಸುಟ್ಟಿತ್ತು. ಗಾಡಿ ಹಿತ್ತಲು ಸೇರಿದ್ದು ಅದಕ್ಕೇ. ಲೇಥಿನಲ್ಲಿ ಹೆಡ್ ಫೇಸಿಂಗ್ ಮಾಡಿಸಿದರು. ಗ್ಯಾಸ್ಕೆಟ್ ಎಲ್ಲೂ ಸಿಗಲಿಲ್ಲ. ಹಳೇ ಗ್ಯಾಸ್ಕೆಟ್ ಇಟ್ಟು, ಗುರುತು ಹಾಕಿ, ತಾಮ್ರದ ತಗಡಿನಲ್ಲಿ ಕೈಯಿಂದಲೇ ಕೊರೆದರು. ಮೊದಲನೆಯದು ಸೋರಿತು. ಎರಡನೆಯದೂ ಸೋರಿತು. ಮೂರನೆಯದು ನಿಂತಿತು.

ಎಲ್ಲರ ಸಲಹೆಯೂ ಒಂದೇ: 'ಮಾರುತಿ ಎಂಜಿನ್ ಕೂಡಿಸಿ ಬಿಡ್ರಿ ಕಾಕಾ, ಒಂದು ವಾರದ ಕೆಲಸ.' ಕಾಕಾ ಕೇಳಲಿಲ್ಲ. 'ಡಾಲ್ಫಿನ್ ಒಳಗ ಮಾರುತಿ ಕೂತ್ರ ಅದು ಡಾಲ್ಫಿನ್ ಹ್ಯಾಂಗ ಆಯ್ತೋ? ಅದನ್ನ ಮನಿಗಿ ಕಳಿಸಿದ್ದೇ ಮಾರುತಿ!'

34 ಲಕ್ಷ ಡಾಲರಿನ ಗಾಡಿ

ಯುಗಾದಿಗೆ ಬಂದ ಮಗ ಅಪ್ಪನನ್ನು ಛೇಡಿಸಲಿಕ್ಕೆ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. ನಮ್ಮ ಓದುಗರು ತಿಳಿಯಲೇಬೇಕಾದ ಸುದ್ದಿ ಅದು.

1968. ಇಲ್ಲಿ ರಾಜಕುಮಾರ್ 'ಜೇಡರ ಬಲೆ'ಯಲ್ಲಿ ಸಿ.ಐ.ಡಿ. 999 ಆದ ವರ್ಷ. ಅಲ್ಲಿ ಹಾಲಿವುಡ್ಡಿನಲ್ಲಿ ಸ್ಟೀವ್ ಮೆಕ್ವೀನ್ 'ಬುಲಿಟ್' ಚಿತ್ರಕ್ಕಾಗಿ ಕಡುಹಸಿರು ಫೋರ್ಡ್ ಮಸ್ಟಾಂಗ್ ಹತ್ತಿ ಸ್ಯಾನ್‌ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಹಾರಿಸಿದ. ಹತ್ತು ನಿಮಿಷ ಬರೀ ಎಂಜಿನ್ ಸದ್ದು! ಕಾರ್ ಚೇಸ್ ಅಂದರೆ ಹೀಗಿರಬೇಕು ಅಂತ ಇವತ್ತಿಗೂ ಅದನ್ನೇ ತೋರಿಸುತ್ತಾರೆ.

ಚಿತ್ರ ಮುಗಿದ ಮೇಲೆ ಆ ಗಾಡಿ ಕೈಯಿಂದ ಕೈಗೆ ಹೋಗಿ 1974ರಲ್ಲಿ ರಾಬರ್ಟ್ ಕಿರ್ನನ್ ಎಂಬುವನಿಗೆ 6,000 ಡಾಲರಿಗೆ ಸಿಕ್ಕಿತು. ಅವನ ಹೆಂಡತಿ ಶಾಲೆಯ ಟೀಚರು. ಆಕೆ ದಿನಾ ಅದರಲ್ಲೇ ಶಾಲೆಗೆ ಹೋಗುತ್ತಿದ್ದಳು! 1977ರಲ್ಲಿ ಸ್ವತಃ ಮೆಕ್ವೀನ್ 'ಗಾಡಿ ನನಗೆ ಕೊಡು' ಅಂತ ಪತ್ರ ಬರೆದ. ಕಿರ್ನನ್ ಕೊಡಲಿಲ್ಲ. ಹೀರೋ ಕೇಳಿದರೂ ಕೊಡದ ಅಭಿಮಾನಿ! 1980ರಲ್ಲಿ ಮೆಕ್ವೀನ್ ತೀರಿಕೊಂಡ. ಅದೇ ವರ್ಷ ಕ್ಲಚ್ ಕೆಟ್ಟು ಗಾಡಿಯೂ ನಿಂತಿತು. ನಿಂತದ್ದು ನಿಂತೇ ಇತ್ತು. 2014ರಲ್ಲಿ ಕಿರ್ನನ್ ಸತ್ತ ಮೇಲೆ ಮಗ ಶಾನ್ ಅದನ್ನು ಓಡುವಂತೆ ಮಾಡಿದ. ಬಣ್ಣ ಮಾತ್ರ ಬಳಿಯಲಿಲ್ಲ. ಶೂಟಿಂಗಿನಲ್ಲಿ ಬಿದ್ದ ತಗ್ಗುಗಳನ್ನೂ ಹಾಗೇ ಬಿಟ್ಟ. 2020ರ ಜನವರಿಯಲ್ಲಿ ಹರಾಜು ಕೂಗಿದಾಗ 34 ಲಕ್ಷ ಡಾಲರಿಗೆ ನಿಂತಿತು.

'ನೋಡಪ್ಪಾ, ನಿಂದೂ ಹಿಂಗ ಹೋಗ್ತದೇನು?' ಅಂತ ಮಗ. ಕಾಕಾ ದುಡ್ಡಿನ ಸಾಲು ಓದಲೇ ಇಲ್ಲ. ಫೋಟೋ ದೊಡ್ಡದು ಮಾಡಿ ಬಾನೆಟ್ಟಿನ ಸಿಪ್ಪೆ ಎದ್ದ ಬಣ್ಣವನ್ನೇ ನೋಡುತ್ತ ಕೂತರು. ಅವರ ತಲೆಯಲ್ಲಿದ್ದದ್ದು ಹುಮನಾಬಾದಿನಲ್ಲಿ ಕಂಡ ಕೆಂಪು ಡಾಲ್ಫಿನ್. ತಂದ ಗಾಡಿಯ ಬಣ್ಣ ಮಾಸಲು ಹಳದಿ. ಕೆಂಪು ಪೇಂಟು ಆಗಲೇ ತಂದಿಟ್ಟಿದ್ದರು. ಆ ಡಬ್ಬಿ ಇವತ್ತಿಗೂ ತೆರೆದಿಲ್ಲ. ಫೈಬರ್ ಬಿರುಕುಗಳಿಗೆ ಮಾತ್ರ ಒಳಗಿನಿಂದ ಗ್ಲಾಸ್ ಮ್ಯಾಟ್, ರೆಸಿನ್ ಹಾಕಿ ಮುಚ್ಚಿದ್ದಾರೆ. ಗಾಡಿ ಹಳದಿಯಾಗಿಯೇ ಇದೆ.

ಆ ರಜೆಯಲ್ಲಿ ಮಗ ಎರಡು ದಿನ ಹೆಚ್ಚಿಗೆ ಉಳಿದ. ಅಪ್ಪನ ಜತೆ ಮಾತಿಲ್ಲ, ಆದರೆ ಬೇವಿನ ಮರದ ಕೆಳಗೆ ಕೂತು ಇಡೀ ವೈರಿಂಗ್ ಹೊಸದಾಗಿ ಎಳೆದುಕೊಟ್ಟು ಹೋದ. ಬಣ್ಣಬಣ್ಣದ ವೈರು, ಒಂದೊಂದಕ್ಕೂ ಚೀಟಿ. 'ಚಲೋ ಮಾಡ್ಯಾನ' ಅಂದರು ಕಾಕಾ, ಅವನು ಬಸ್ ಹತ್ತಿದ ಮೇಲೆ.

ಕಾಗದದ ಕಾಟ

ಕಳೆದ ಬೇಸಿಗೆಯಲ್ಲಿ ಎಂಜಿನ್ ಹತ್ತಿತು. ಮೊದಲು ಕೆಮ್ಮಿತು, ಹೊಗೆ ಕಾರಿತು, ಆಮೇಲೆ ಹೊಲಿಗೆ ಯಂತ್ರದ ಹಾಗೆ ಗುನುಗತೊಡಗಿತು. ಊರ ಹುಡುಗರೆಲ್ಲ ಶಿಳ್ಳೆ! ಕಾಕಾ ಹೊರಗೆ ರೋಡಿಗೆ ತಂದಾರು ಅಂತ ಎಲ್ಲರೂ ಕಾದರು. ತರಲಿಲ್ಲ.

ಏಕೆಂದರೆ ಕಾಗದದಲ್ಲಿ ಈ ಗಾಡಿ ಇನ್ನೂ ಡಾಕ್ಟರದೇ. ಸತ್ತವರ ಗಾಡಿಯನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಬೇಕು, ಅದಕ್ಕೆ ಫಾರಂ 31. ಆಮೇಲೆ ಅವರು ಮಾರಿದ್ದಕ್ಕೆ ಫಾರಂ 29, 30. ಹದಿನೈದು ವರ್ಷ ದಾಟಿದ ಗಾಡಿಯ ಆರ್.ಸಿ.ಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ ಬಂದ ನಿಯಮದಂತೆ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದರ ಶುಲ್ಕವೇ 10,000 ರೂಪಾಯಿ. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂತು, ನಂಬರಿನಲ್ಲಿ 'ವಿ.ಎ.' ಅಕ್ಷರ ಕೊಡುತ್ತಾರೆ. ಆದರೆ ಅದಕ್ಕೆ ಗಾಡಿಗೆ ಐವತ್ತು ತುಂಬಿರಬೇಕು. ಇದಕ್ಕೆ ತುಂಬುವುದು 2034ಕ್ಕೆ. 'ಆಗ ನನಗ ಅರವತ್ತಾರು. ಗಾಡಿಗಿ ಪಿಂಚಣಿ ಬರೂತನಕ ನಾ ಇರ್ಬೇಕಲ್ಲ' ಅನ್ನುತ್ತಾರೆ ಕಾಕಾ.

ಡಾಕ್ಟರ ಮಕ್ಕಳು ಮೂವರು. ಕಲಬುರಗಿಯಲ್ಲಿರುವ ಮಗಳು ಗಾಡಿ ಬದುಕಿದ ವಿಡಿಯೋ ನೋಡಿ ಅತ್ತುಬಿಟ್ಟರಂತೆ, ಮರುದಿನವೇ ಸಹಿ ಹಾಕಿಕೊಟ್ಟರು. ಎರಡನೆಯವರೂ ಹಾಕಿದರು. ಹೈದರಾಬಾದಿನಲ್ಲಿರುವ ಮೂರನೆಯವರು 'ಈಗ ಗಾಡಿ ಓಡ್ತದಂದ್ರ ಬೆಲೆ ಬ್ಯಾರೆ' ಅಂತ ಶುರು ಮಾಡಿದ್ದಾರೆ. ಹಿತ್ತಲಲ್ಲಿ ಕೋಳಿ ಕೂತಿದ್ದಾಗ ಈ ಬೆಲೆ ಎಲ್ಲಿತ್ತೋ!

ಕಾಕಾ ಅವರೊಂದಿಗೆ ಜಗಳಕ್ಕೆ ಹೋಗಿಲ್ಲ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಹೈದರಾಬಾದಿಗೆ ಹೋಗುವುದು ಅಂತಾಗಿದೆ. ಮಾತಾಡಲಿಕ್ಕೆ ಜತೆಗೆ ಮಗ ಬರುತ್ತಾನೆ. ಅವನದೊಂದು ಷರತ್ತಿದೆ: ಗಾಡಿ ಕಾಗದ ಆಗಲಿ ಬಿಡಲಿ, ಈ ಸಲದ ಸೋಯಾ ದುಡ್ಡು ಕೈಸೇರಿದ ಕೂಡಲೇ ಗ್ಯಾರೇಜಿಗೆ ಸ್ಕ್ಯಾನರ್. ಕಾಕಾ ಒಪ್ಪಿಕೊಂಡಿದ್ದಾರೆ, ಈ ಸಲ ನನ್ನ ಎದುರಿಗೇ.

ಅಲ್ಲಿಯತನಕ ಡಾಲ್ಫಿನ್ ಮುಡಬಿಯ ಅಂಗಳ ದಾಟುವುದಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಕಾಕಾ ಅದನ್ನು ಚಾಲೂ ಮಾಡಿ, ಬೇವಿನ ಮರಕ್ಕೆ ನಾಲ್ಕು ಸುತ್ತು ಹಾಕಿಸಿ, ತಾವೇ ಕಾಸಿ ಆರಿಸಿಟ್ಟ ನೀರಿಗೆ ಕೂಲಂಟ್ ಬೆರೆಸಿ ರೇಡಿಯೇಟರು ನೋಡಿ, ಬಾನೆಟ್ ಮುಚ್ಚುತ್ತಾರೆ. ಏಳರ ಬಸ್ಸಿಗೆ ನಿಂತ ಕಾಲೇಜು ಹುಡುಗರು ಕಾಂಪೌಂಡ್ ಏರಿ ಕೂತು ಸುತ್ತು ಎಣಿಸುತ್ತಾರೆ.