ಕೆರೆಯೊಳಗೆ ಕಡಲೆ ಬಿತ್ತುವ ಊರು

ಮಂಚೇನಹಳ್ಳಿಯವರಾದ ನಮಗೆ ಬಿಸಿಲು ಹೊಸದೇನಲ್ಲ. ಆದರೂ ಜೈಸಲ್ಮೇರ್ ಕೋಟೆಯ ಜೈನ ಮಂದಿರದ ಮುಂದೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟವನು ಕುಣಿದಾಡಿಬಿಟ್ಟೆ. ದೀಪಾವಳಿ ಕಳೆದಿತ್ತು, ಕಲ್ಲು ಮಾತ್ರ ಕಾದ ಹೆಂಚು. 1156ರಲ್ಲಿ ರಾವಲ್ ಜೈಸಲ್ ಹಾಕಿಸಿದ ಕೋಟೆಯಿದು. ಒಳಗೆ ಇನ್ನೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಸಂಜೆಗೆ ಇಡೀ ಗುಡ್ಡ ಅರಿಸಿನ ಬಳಿದ ಹಾಗೆ ಕಾಣುತ್ತದೆ. ಮುತ್ತಿಗೆಗಳನ್ನು ಕಂಡ ಈ ಕೋಟೆಗೆ ಈಗಿನ ಭಯ ನಲ್ಲಿನೀರಿನದು. ಹೊತ್ತು ತಂದ ಬಿಂದಿಗೆ ನೀರಲ್ಲಿ ದಿನ ದೂಡುತ್ತಿದ್ದ ಮನೆಗಳಿಗೆ ನಲ್ಲಿ ಬಂತು, ಹೋಟೆಲು ಬಂತು. ಸೋರಿದ ನೀರು ಬುಡದ ಜೇಡಿಗಿಳಿದು ಕೆಲವು ಬುರುಜುಗಳೇ ಕುಸಿದವು.

ಊರ ಪಕ್ಕದ ಗಡೀಸರ್ ಕೆರೆ 14ನೇ ಶತಮಾನದ್ದು. ಈಗ ಅಲ್ಲಿ ದೋಣಿವಿಹಾರ. ನಲ್ಲಿ ಬರುವ ತನಕ ಊರಿಗೆ ಊರೇ ಕುಡಿದದ್ದು ಇದರ ನೀರನ್ನು. ಮರಳುದಿಬ್ಬ, ಒಂಟೆ ಸವಾರಿ, ರಾತ್ರಿಯ ಕುಣಿತ ಎಲ್ಲವೂ ಆಯಿತು. ಅದನ್ನೆಲ್ಲ ವಿಡಿಯೊಗಳಲ್ಲಿ ನೀವೂ ನೋಡಿರುತ್ತೀರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಖಡೀನ್.

ಜೈಸಲ್ಮೇರಿನಿಂದ ಸುಮಾರು 18 ಕಿ.ಮೀ. ದೂರದ ಕುಲಧರಾ ಪಾಳುಬಿದ್ದ ಊರು. ಪಾಲೀವಾಲ ಬ್ರಾಹ್ಮಣರು 19ನೇ ಶತಮಾನದಲ್ಲಿ ಬಿಟ್ಟು ಹೋದದ್ದು. ಗೈಡುಗಳು ದೆವ್ವದ ಕಥೆ ಹೇಳಿ ಕಾಸು ಎಣಿಸುತ್ತಾರೆ. ಆ ಜನ ಬಿಟ್ಟು ಹೋದ ನಿಜವಾದ ಆಸ್ತಿ ಆ ಸೀಮೆಯ ಹೊಲಗಳಲ್ಲಿದೆ, ಅತ್ತ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ.

ಆ ಹೊಲಗಳೇ ಖಡೀನ್. ದೂರದಿಂದ ನೋಡಿದರೆ ನಮ್ಮ ಕೆರೆಯೇ. ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ, ಹೆಚ್ಚಾದದ್ದು ಹರಿದುಹೋಗಲು ಕೋಡಿ. ಕಲ್ಲುನೆಲದ ಇಳಿಜಾರಿನಿಂದ ಓಡಿಬಂದ ಮಳೆನೀರು ಏರಿಗೆ ತಾಗಿ ನಿಲ್ಲುತ್ತದೆ. ಮುಂದಿನದು ಬೇರೆ ಲೆಕ್ಕ. ನಮ್ಮಲ್ಲಿ ನೀರುಗಂಟಿ ತೂಬು ಎತ್ತಿದರೆ ಏರಿಯ ಕೆಳಗಿನ ಅಚ್ಚುಕಟ್ಟಿಗೆ ನೀರು. ಅಲ್ಲಿ ಕೆರೆಯ ಒಡಲೇ ಹೊಲ! ನೀರು ನಿಧಾನ ಇಂಗುತ್ತದೆ, ಮಿಕ್ಕಿದ್ದನ್ನು ಹೊರಗೆ ಬಿಡುತ್ತಾರೆ, ಚಳಿ ಶುರುವಾಗುವ ಹೊತ್ತಿಗೆ ಹಸಿ ಮಣ್ಣಿಗೆ ಗೋಧಿ, ಕಡಲೆ ಬಿತ್ತುತ್ತಾರೆ. ಆಮೇಲೆ ಮಳೆ ಬೇಕಿಲ್ಲ, ತೇವದಲ್ಲೇ ಬೆಳೆ ಬರುತ್ತದೆ. ವರ್ಷವರ್ಷವೂ ಹೂಳು ಬಂದು ಕೂರುವುದರಿಂದ ಗೊಬ್ಬರದ ಚಿಂತೆಯೂ ಕಡಿಮೆ. ನಾವು ಹೂಳೆತ್ತಲು ಟೆಂಡರು ಕರೆಯುವವರು. ಅವರಿಗೆ ಹೂಳೇ ಗೊಬ್ಬರ.

ಇಷ್ಟೆಲ್ಲ ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆಯಲ್ಲಿ. ನಮ್ಮ ಸೀಮೆಗೆ ಅದರ ಮೂರರಷ್ಟಕ್ಕಿಂತ ಹೆಚ್ಚೇ ಬೀಳುತ್ತದೆ. ಉತ್ತರ ಪಿನಾಕಿನಿ ಹುಟ್ಟುವುದು ನಮ್ಮ ನಂದಿಯ ಸಾಲಿನಲ್ಲೇ. ಆದರೂ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನವರು ಬಳಸಿಬಿಟ್ಟ ನೀರನ್ನು ಸಂಸ್ಕರಿಸಿ ಪೈಪಿನಲ್ಲಿ ತಂದು ಬಿಡುತ್ತಿದ್ದಾರೆ.

ಖಡೀನಿನ ಅಂಚಿನಲ್ಲಿ ಒಬ್ಬ ಹಿರಿಯ ರೈತರು ಬೀಜದ ಚೀಲ ಇಟ್ಟುಕೊಂಡು ಕೂತಿದ್ದರು. ಒಂದು ಹಿಡಿ ಮಣ್ಣು ಎತ್ತಿ ಮುಷ್ಟಿ ಬಿಗಿದರು, ಬಿಟ್ಟರು. ಉಂಡೆ ಒಡೆಯಲಿಲ್ಲ. ಬಿತ್ತಬಹುದು ಎಂದು ಅದರ ಅರ್ಥವಂತೆ. ಅದನ್ನು ನನ್ನ ಕೈಗೂ ಕೊಟ್ಟರು. ಆ ಬಿಸಿಲಲ್ಲೂ ತಣ್ಣಗಿತ್ತು.

ಪಕ್ಕದ ಸೇದುವ ಬಾವಿ ತೋರಿಸಿ, ನಿಮ್ಮೂರಲ್ಲಿ ನೀರು ಎಷ್ಟು ಅಡಿಗಿದೆ ಎಂದು ಕೇಳಿದರು. ನನ್ನ ಹರಕುಮುರುಕು ಹಿಂದಿಯಲ್ಲಿ ಸಾವಿರದಿನ್ನೂರು ಎಂದೆ.

"ನೂರಿಪ್ಪತ್ತು ಅಂತೀರಾ?"

ಅಲ್ಲ ಅಂತ ಬೆರಳಿನಿಂದ ಮರಳಿನ ಮೇಲೆ ಬರೆದು ತೋರಿಸಿದೆ. ಅವರು ಅಂಕಿಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಹೋಗಿ ಒಂದು ಚೊಂಬು ನೀರು ತಂದುಕೊಟ್ಟರು.