ನಂಟರ ಮನೆಗಳ ದಾರಿಯಲ್ಲಿ ನಾಲ್ಕು ತಾಲ್ಲೂಕು

ಪ್ರವಾಸವೆಂದೊಡನೆ ಇಂದಿನ ಪಟ್ಟಣವಾಸಿಗಳ ಮನಸ್ಸು ಊಟಿ, ಮಡಿಕೇರಿ, ಗೋವೆಗಳ ಕಡೆಗೆ ಹರಿಯುತ್ತದೆ. ಹೋಟೆಲಿನ ಕೋಣೆ, ಕಾಣಬೇಕಾದ ಸ್ಥಳಗಳ ಪಟ್ಟಿ, ಮೊಬೈಲಿನ ತುಂಬ ಚಿತ್ರಗಳು ಕೂಡಿಬಂದರೆ ಪ್ರವಾಸ ಸಾಂಗವಾದಂತೆ. ನಮ್ಮ ಹಿರಿಯರಿಗೆ ಈ ಮಾತಿನ ಅರ್ಥವೇ ಬೇರೆಯಾಗಿತ್ತು. ಊರಿಗೆ ಹೋಗುವುದೆಂದರೆ ನಂಟರ ಮನೆಗೆ ಹೋಗುವುದು. ಬೆಟ್ಟ, ಕೋಟೆ, ಕೆರೆ, ದೇವಾಲಯಗಳು ಆ ಮನೆಗಳ ನೆರೆಯಲ್ಲಿದ್ದುದರಿಂದ ಕಣ್ಣಿಗೆ ಬೀಳುತ್ತಿದ್ದುವು. ಅವುಗಳ ಸಲುವಾಗಿಯೇ ಯಾರೂ ಬುತ್ತಿ ಕಟ್ಟಿದವರಲ್ಲ. ಆದರೂ ಆ ಹಳೆಯ ರೀತಿಯ ತಿರುಗಾಟದಲ್ಲಿ ನಾಡಿನ ಪರಿಚಯ ಎಷ್ಟು ಆಳವಾಗಿ ಆಗುತ್ತಿತ್ತೆಂಬುದು, ಹೋದ ಬೇಸಿಗೆಯ ರಜೆಯಲ್ಲಿ ನಾವು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳನ್ನು ಸುತ್ತಿ ಬಂದಾಗ ಚೆನ್ನಾಗಿ ಮನವರಿಕೆಯಾಯಿತು.

ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಉತ್ತರ ಭಾಗದವು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಇವು ಒಟ್ಟಾಗಿ ಮಧುಗಿರಿ ಉಪವಿಭಾಗ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮ್ಮ ಮನೆಯ ಲೆಕ್ಕದಲ್ಲಾದರೋ ಇವು ತಾತನವರ ವರ್ಗಾವಣೆಯ ಊರುಗಳು. ತಾತ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಅವರು ಈ ಸೀಮೆಯ ಹಳ್ಳಿಯಿಂದ ಹಳ್ಳಿಗೆ ಪೆಟ್ಟಿಗೆ, ಹಾಸಿಗೆ, ಮಕ್ಕಳೊಡನೆ ತಿರುಗಿದಂತೆಲ್ಲ ಅಲ್ಲಲ್ಲಿ ಸ್ನೇಹ ಬೆಳೆಯಿತು, ಸ್ನೇಹ ಸಂಬಂಧವಾಯಿತು. ಮಗಳನ್ನು ಕೊರಟಗೆರೆಗೆ ಕೊಟ್ಟರು. ಕಿರಿಯ ಮಗ ಪಾವಗಡದ ಕಡೆ ಹೊಲ ಕೊಂಡು ನೆಲೆಸಿದರು. ಮುಂದೆ ನನ್ನ ಅಕ್ಕ ಮಧುಗಿರಿಯ ಸೊಸೆಯಾದಳು. ನನ್ನ ಶ್ರೀಮತಿಯ ತಂಗಿ ಶಿರಾಕ್ಕೆ ಹೋದಳು. ಹೀಗೆ ಸರ್ಕಾರದ ವರ್ಗಾವಣೆಯ ಆಜ್ಞೆಗಳೇ ನಮ್ಮ ನಂಟಸ್ತನದ ನಕ್ಷೆಯನ್ನು ಬರೆದುವು ಎನ್ನಬೇಕು.

ತಾತ ದಿನಚರಿ ಬರೆದವರಲ್ಲ. ಆದರೆ ಅವರ ಲೆಕ್ಕದ ಪುಸ್ತಕವೊಂದು ನಮ್ಮಲ್ಲಿ ಉಳಿದಿದೆ. ಬಸ್ಸಿನ ಟಿಕೆಟ್ಟು, ಬಾಳೆಹಣ್ಣು, ಮಗುವಿನ ಕೈಗೆ ಕೊಟ್ಟದ್ದು, ದೇವಸ್ಥಾನದ ಮಂಗಳಾರತಿ — ಇಷ್ಟೇ ಅದರಲ್ಲಿರುವುದು. ಆದರೂ ಆ ಒಣ ಅಂಕಿಗಳ ನಡುವಿನಿಂದ ಒಂದು ಸಂಸಾರದ ಓಡಾಟವೆಲ್ಲ ಎದ್ದು ನಿಲ್ಲುತ್ತದೆ. ಅದನ್ನು ಕಂಡ ನಮ್ಮ ಹತ್ತು ವರ್ಷದ ಮಗಳು, ಈ ಸಲದ ಪ್ರವಾಸಕ್ಕೆ ತಾನೂ ಒಂದು ಪುಸ್ತಕವಿಡುತ್ತೇನೆಂದು ಹಟ ಹಿಡಿದಳು. ಇನ್ನೂರು ಪುಟದ ನೋಟುಪುಸ್ತಕವೊಂದು ಚೀಲ ಸೇರಿತು.

ಕೊರಟಗೆರೆಯ ಅತ್ತೆ

ಬೆಂಗಳೂರಿನಿಂದ ದಾಬಸ್‌ಪೇಟೆಯ ದಾರಿಯಾಗಿ ಹೊರಟವರಿಗೆ ಕೊರಟಗೆರೆ ಮೊದಲು ಸಿಗುತ್ತದೆ. ಜಯಮಂಗಲಿ, ಸುವರ್ಣಮುಖಿ ಎಂಬ ಎರಡು ನದಿಗಳು ಹರಿಯುವ ಸೀಮೆ ಇದು. ಹೆಸರಿಗೆ ನದಿಗಳು, ವರ್ಷದ ಬಹುಪಾಲು ಮರಳಿನ ಹಾದಿಗಳು. ಒಂದು ಕಡೆ ಗೊರವನಹಳ್ಳಿಯ ಮಹಾಲಕ್ಷ್ಮಿ, ಇನ್ನೊಂದು ಕಡೆ ಗುಹೆಯೊಳಗಿನ ದೇವರಿಗೂ ಮೂಲಿಕೆಗಳಿಗೂ ಹೆಸರಾದ ಸಿದ್ಧರಬೆಟ್ಟ. ಬೆಂಗಳೂರಿನಿಂದ ಬರುವ ಭಕ್ತರು ಇವೆರಡನ್ನೂ ಒಂದೇ ದಿನದಲ್ಲಿ ಮುಗಿಸಿ ಸಂಜೆಗೆ ಹಿಂದಿರುಗುತ್ತಾರೆ.

ನಮಗೆ ಹಾಗೆ ಹಿಂದಿರುಗುವ ಅವಕಾಶವಿರಲಿಲ್ಲ. ಎಂಬತ್ತು ದಾಟಿದ ಸೋದರತ್ತೆ ಬಾಗಿಲಲ್ಲೇ ನಿಂತಿದ್ದರು.

“ಏನಪ್ಪಾ, ದಾರಿ ತಪ್ಪಿ ಬಂದೆಯೇನು?” ಎಂದು ನನ್ನನ್ನು ಮೂದಲಿಸಿ, “ನೀನು ಒಳಕ್ಕೆ ಬಾರಮ್ಮ, ಅವನು ಅಲ್ಲೇ ನಿಂತಿರಲಿ” ಎಂದು ನನ್ನ ಶ್ರೀಮತಿಯ ಕೈ ಹಿಡಿದು ಕರೆದೊಯ್ದರು.

ರಾತ್ರಿ ರಾಗಿಮುದ್ದೆ, ಬಸ್ಸಾರಿನ ಊಟವಾದ ಮೇಲೆ ಮಗಳು ಪುಸ್ತಕ ತೆರೆದಳು. “ಅಜ್ಜಿ, ನಿಮ್ಮಪ್ಪ ಯಾವ ಯಾವ ಊರಿನಲ್ಲಿ ಮೇಷ್ಟರಾಗಿದ್ದರು?” ಎಂಬುದು ಅವಳ ಮೊದಲ ಪ್ರಶ್ನೆ. ತಾತನ ಲೆಕ್ಕದ ಪುಸ್ತಕದಲ್ಲಿ ನಾವು ಎಣಿಸಿದ ಊರುಗಳು ಎಂಟು. ಅತ್ತೆ ಬೆರಳು ಮಡಿಸುತ್ತ ಹೇಳಿದುವು ಹನ್ನೊಂದು. ಒಂದೊಂದು ಊರಿಗೂ ಅವರಲ್ಲಿ ಒಂದೊಂದು ಗುರುತು: ಇಲ್ಲಿ ತಮ್ಮ ಹುಟ್ಟಿದ್ದು, ಇಲ್ಲಿ ತಂಗಿ ತೀರಿಕೊಂಡದ್ದು, ಇಲ್ಲಿ ಬಾವಿಯ ನೀರು ಸಿಹಿ, ಇಲ್ಲಿ ಶಾಲೆ ನಡೆಯುತ್ತಿದ್ದುದು ಗುಡಿಯ ಜಗಲಿಯ ಮೇಲೆ. ತೀರಿಕೊಂಡ ಆ ತಂಗಿಯ ಹೆಸರನ್ನು ನಮ್ಮಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಮೂರು ವರ್ಷದ ಮಗುವಿಗೆ ಫೋಟೋ ಎಲ್ಲಿಯದು, ಜಾತಕ ಎಲ್ಲಿಯದು? ಅಂದು ರಾತ್ರಿ ಆ ಹೆಸರು ಮಗಳ ಪುಸ್ತಕದ ಮೂರನೆಯ ಪುಟದಲ್ಲಿ ದಾಖಲಾಯಿತು.

ಬೆಟ್ಟದ ಕೆಳಗೆ, ಬೆಟ್ಟದ ಮೇಲೆ

ಕೊರಟಗೆರೆಯಿಂದ ಮಧುಗಿರಿಗೆ ಅರ್ಧ ಗಂಟೆಯ ಹಾದಿ. ಊರು ಬರುವುದಕ್ಕೆ ಮೊದಲೇ ಬೆಟ್ಟ ಬರುತ್ತದೆ. ಒಂದೇ ಬಂಡೆಯೆಂಬಂತೆ ಎದ್ದು ನಿಂತ ಈ ಗಿರಿಯ ನೆತ್ತಿ ಸಮುದ್ರಮಟ್ಟದಿಂದ 3,930 ಅಡಿ ಎತ್ತರದಲ್ಲಿದೆ. ಜೇನುಹುಟ್ಟುಗಳಿಂದ ಮಧುಗಿರಿ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಹಳ್ಳಿಯವರ ಬಾಯಲ್ಲಿ ಇಂದಿಗೂ ಅದು ಮದ್ದಗಿರಿಯೇ. ಬೆಟ್ಟದ ಬುಡದಲ್ಲಿ ವೆಂಕಟರಮಣಸ್ವಾಮಿ, ಮಲ್ಲೇಶ್ವರಸ್ವಾಮಿ ದೇವಾಲಯಗಳು ಅಕ್ಕಪಕ್ಕದಲ್ಲಿ ನಿಂತಿವೆ. ಹರಿಹರರು ಹೀಗೆ ನೆರೆಮನೆಯವರಾಗಿರುವುದನ್ನು ನೋಡುವುದೇ ಒಂದು ಸೊಗಸು.

ಭಾವನವರು ನಮ್ಮನ್ನು ನಸುಕಿನಲ್ಲೇ ಎಬ್ಬಿಸಿ ಬೆಟ್ಟಕ್ಕೆ ಹೊರಡಿಸಿದರು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಒಂದರ ಮೇಲೊಂದು ಬಾಗಿಲುಗಳು, ಕೆಲವೆಡೆ ಕೈಯಾಸರೆಯಿಲ್ಲದೆ ಏರಲಾಗದ ಜಾರುಬಂಡೆ. ಮೇಲೆ ಹಾಳುಬಿದ್ದ ಗೋಪಾಲಕೃಷ್ಣ ದೇವಾಲಯ. ಈ ಸೀಮೆಯ ಪಾಳೆಯಗಾರರು ಮಣ್ಣಿನಲ್ಲಿ ಕಟ್ಟಿಸಿದ್ದ ಕೋಟೆಯನ್ನು ಕಲ್ಲಿನಲ್ಲಿ ಬಲಪಡಿಸಿದವನು ಹೈದರಾಲಿ. ಇಲ್ಲಿಗೆ ಬಂದವರೆಲ್ಲರೂ ನಂಟರಾಗಿಯೇ ಬಂದವರಲ್ಲ. 1763ರಲ್ಲಿ ಬಿದನೂರು ಹೈದರನ ಕೈಸೇರಿದಾಗ ಕೆಳದಿಯ ರಾಣಿ ವೀರಮ್ಮಾಜಿ ಸೆರೆಯಾಗಿ ಈ ಕೋಟೆಗೆ ಬಂದಳು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಕೋಟೆಯನ್ನು ಹಿಡಿದಾಗ ಬಿಡುಗಡೆಯಾಯಿತು. ಆದರೆ ಪುಣೆಯ ದಾರಿಯಲ್ಲೇ ಅವಳು ತೀರಿಕೊಂಡಳು. ಮಲೆನಾಡಿನ ಹಸುರಿನಲ್ಲಿ ಬಾಳಿದ ಆ ರಾಣಿ ನಾಲ್ಕು ವರ್ಷ ಈ ಬಿಸಿಲುಬಂಡೆಯ ಮೇಲಿಂದ ಯಾವ ದಿಕ್ಕನ್ನು ನೋಡುತ್ತಿದ್ದಳೋ!

ಮಗಳು ಬರೆದುಕೊಂಡದ್ದು ರಾಣಿಯ ಮಾತು ಮಾತ್ರವಲ್ಲ. “ಅತ್ತೆ ಮದುವೆಯಾಗಿ ಬಂದು ಹದಿನೆಂಟು ವರ್ಷವಾದರೂ ಒಂದು ಸಲವೂ ಬೆಟ್ಟ ಹತ್ತಿಲ್ಲವಂತೆ. ನಂಟರು ಬಂದಾಗಲೆಲ್ಲ ಅವರಿಗೆ ತಿಂಡಿ ಮಾಡಲು ಕೆಳಗೇ ಉಳಿಯುತ್ತಾರಂತೆ” ಎಂದೂ ಬರೆದಿದ್ದಳು. ಇದನ್ನು ಓದಿ ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಬೆಳಗಿನ ತಿಂಡಿ ಹೋಟೆಲಿನಿಂದ ಬಂತು. ಅಕ್ಕ ನಮ್ಮ ಮಗಳೊಡನೆ ಎರಡನೆಯ ಬಾಗಿಲಿನವರೆಗೆ ಹತ್ತಿ ಬಂದಳು. ದಿನಚರಿಯಿಂದ ಇಂಥ ಪ್ರಯೋಜನವೂ ಉಂಟು!

ಶಿರಾ: ಸುಬೇದಾರರ ಊರು

ಮಧುಗಿರಿಯಿಂದ ಪಶ್ಚಿಮಕ್ಕೆ ನಲವತ್ತು ಕಿಲೋಮೀಟರು ಹೋದರೆ ಶಿರಾ. ಹೆದ್ದಾರಿಯ ಗದ್ದಲ, ಕಡಲೆಕಾಯಿಯ ವ್ಯಾಪಾರ, ಬಿಸಿಲು. ಈ ಊರು 1687ರಿಂದ 1757ರವರೆಗೆ ಮೊಗಲರ ಪ್ರಾಂತವೊಂದರ ರಾಜಧಾನಿಯಾಗಿತ್ತೆಂದರೆ ಮಕ್ಕಳು ನಂಬುವುದಿಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಗೊಂಡೆಗಳೆಲ್ಲ ಶಿರಾದ ಸುಬೇದಾರನ ಅಧೀನದಲ್ಲಿದ್ದುವು. ಅದಕ್ಕೂ ಹಿಂದೆ ಬಿಜಾಪುರದ ಆಳ್ವಿಕೆಯಲ್ಲಿ ಇಲ್ಲಿದ್ದ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ, ಕೋಟೆಯ ಕಂದಕ ಇವು ಇಂದಿಗೂ ಉಳಿದಿವೆ.

ಲೂಯಿ ರೈಸರ ಗೆಜೆಟಿಯರಿನಲ್ಲಿ ಶಿರಾದ ವಿಷಯವಾಗಿ ಒಂದು ಮಾತಿದೆ. ಶ್ರೀರಂಗಪಟ್ಟಣದ ಬಳಿ ಗಂಜಾಂ ಎಂಬ ಪೇಟೆಯನ್ನು ತುಂಬಿಸಲು ಟಿಪ್ಪುವು ಈ ಊರಿನಿಂದ 12,000 ಸಂಸಾರಗಳನ್ನು ಬಲವಂತವಾಗಿ ಸಾಗಿಸಿದನಂತೆ. ಇದನ್ನು ನನ್ನ ಷಡ್ಡಕರಿಗೆ ಹೇಳಿದಾಗ ಅವರು ನಕ್ಕು, “ಈಗ ಯಾವ ಸುಲ್ತಾನನೂ ಬೇಕಿಲ್ಲ, ನಮ್ಮ ಬೀದಿಯ ಹುಡುಗರೆಲ್ಲ ತಾವಾಗಿಯೇ ಬೆಂಗಳೂರಿಗೆ ಹೊರಟುಹೋದರು” ಎಂದರು. ಅವರ ಬೀದಿಯಲ್ಲಿ ಐದು ಮನೆಗಳಿಗೆ ಬೀಗ ಬಿದ್ದಿತ್ತು.

ಶಿರಾ, ಮಧುಗಿರಿಗಳನ್ನು ಕಂಡು ದಿನಚರಿ ಬರೆದವರಲ್ಲಿ ಹೆಸರಾದವನು ಫ್ರಾನ್ಸಿಸ್ ಬುಕನನ್. 1800ರಲ್ಲಿ ಗವರ್ನರ್ ಜನರಲ್ ವೆಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ ವೈದ್ಯ ಆತ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಬರಹದಲ್ಲಿ ದಿನಕ್ಕೆ ಇಷ್ಟು ದಾರಿ, ಮಣ್ಣು ಇಂಥದು, ಬೆಳೆ ಇಂಥದು, ಕಂದಾಯ ಇಷ್ಟು ಎಂಬ ವಿವರಗಳಿಗೆ ಕೊರತೆಯಿಲ್ಲ. ಚರಿತ್ರಕಾರರಿಗೆ ಅದು ಗಣಿ. ಆದರೆ ಆತ ಡೇರೆಯಲ್ಲಿ ತಂಗಿದವನು. ಯಾರ ಮನೆಯ ಪಡಸಾಲೆಯಲ್ಲೂ ಮಲಗಿದವನಲ್ಲ. ತೀರಿಕೊಂಡ ಮಗುವಿನ ಹೆಸರನ್ನು ಅವನಿಗೆ ಯಾರು ಹೇಳಿಯಾರು?

ಸಂಜೆ ಕಗ್ಗಲಡು ಗ್ರಾಮಕ್ಕೆ ಹೋದೆವು. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟಿ ಮರಿ ಸಾಕುತ್ತಿದ್ದುವು. ಗೂಡಿರುವ ಮರದ ಹುಣಸೆಯನ್ನು ಊರವರು ಕೀಳುವುದಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂಬ ಭಾವನೆ. ನಾದಿನಿ ತನ್ನ ಅಕ್ಕನ ಕಡೆ ತಿರುಗಿ, “ನೋಡಕ್ಕ, ಹಕ್ಕಿಗಳಾದರೂ ವರ್ಷಕ್ಕೊಂದು ಸಲ ಬರುತ್ತವೆ” ಎಂದಳು. ಉತ್ತರ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಪಾವಗಡದ ಚಿಕ್ಕಪ್ಪ

ಶಿರಾದಿಂದ ಮರಳಿ ಮಧುಗಿರಿಗೆ ಬಂದು, ಮಿಡಿಗೇಶಿಯ ದಾರಿ ಹಿಡಿದೆವು. ಹಿಮ್ಮಡಿಯನ್ನು ಮುಟ್ಟುವ ಕೂದಲಿದ್ದ ಹೆಣ್ಣೊಬ್ಬಳಿಂದ ಆ ಊರಿಗೂ ಅಲ್ಲಿಯ ದುರ್ಗಕ್ಕೂ ಹೆಸರು ಬಂದಿತೆಂದು ಕಥೆ. ಮುಂದೆ ರಸ್ತೆ ಆಂಧ್ರಪ್ರದೇಶವನ್ನು ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಪಾವಗಡ ತನ್ನ ಜಿಲ್ಲೆಯ ಉಳಿದ ತಾಲ್ಲೂಕುಗಳಿಂದ ಹೀಗೆ ಬೇರ್ಪಟ್ಟು ನಿಂತ ಸೀಮೆ. ಇಲ್ಲಿ ತೆಲುಗು, ಕನ್ನಡ ಎರಡೂ ಮನೆಮಾತುಗಳೇ. ಪಾಮು ಎಂದರೆ ತೆಲುಗಿನಲ್ಲಿ ಹಾವು; ಊರಿನ ಹೆಸರೂ ಅದರಿಂದಲೇ ಬಂದಿತೆನ್ನುತ್ತಾರೆ. ಚಿಕ್ಕಪ್ಪ ನಮ್ಮನ್ನು “ಬಾರಪ್ಪಾ” ಎಂದೂ ಚಿಕ್ಕಮ್ಮ “ರಾ ನಾಯನಾ” ಎಂದೂ ಕರೆದರು. ಆದರ ಒಂದೇ.

ಮಳೆ ಕಡಿಮೆ, ಬಿಸಿಲು ಹೆಚ್ಚು, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತ ಕುಳಿತ ಈ ಸೀಮೆಗೆ ಕೊನೆಗೆ ಬಿಸಿಲೇ ಬೆಳೆಯಾಯಿತು. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು ಎದ್ದಿತು. ಅದರ ಮೊದಲ ಹಂತ 2018ರಲ್ಲಿ ಆರಂಭವಾಗಿ 2019ರಲ್ಲಿ ಕೆಲಸ ಪೂರ್ಣವಾಯಿತು. ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದುದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಮೊದಲಿನ ದರ.

ಚಿಕ್ಕಪ್ಪನ ಹೊಲವೂ ಅದರಲ್ಲಿ ಸೇರಿದೆ. ಮಳೆಗಾಗಿ ಕಾಯುವ ಚಿಂತೆ ತಪ್ಪಿತೆಂದು ಅವರಿಗೆ ನೆಮ್ಮದಿ. ಆದರೂ ಬೇಲಿಯ ಬಳಿ ನಿಂತು ತೋರಿಸುವಾಗ ಅವರ ದನಿ ತಗ್ಗಿತು. ಕಣ್ಣು ಹಾಯುವಷ್ಟು ದೂರ ನೀಲಿ ಫಲಕಗಳು. ಬೇಲಿಯಿಂದಾಚೆ ಉಳಿದಿದ್ದ ಒಂದು ಹುಣಸೆಮರವನ್ನು ಗುರುತಾಗಿಟ್ಟುಕೊಂಡು, “ಇಲ್ಲಿಂದ ನೇರ ನಲವತ್ತು ಮಾರು ಹೋದರೆ ನಮ್ಮ ಬಾವಿ. ಕಟ್ಟಿಸಿದ್ದು ನಮ್ಮಪ್ಪ, ಪಿಂಚಣಿಯ ದುಡ್ಡಿನಲ್ಲಿ. ಎಡಕ್ಕೆ ಕಣ. ನಾನಿರುವಷ್ಟು ದಿನ ಗೊತ್ತು; ಆಮೇಲೆ ಯಾರಿಗೆ ಗೊತ್ತಾಗಬೇಕು?” ಎಂದರು. ಮಗಳು ಅಲ್ಲೇ ಕುಳಿತು ಮರ, ಬಾವಿ, ಕಣಗಳ ನಕ್ಷೆ ಬರೆದಳು. ಚಿಕ್ಕಪ್ಪ ಕನ್ನಡಕವೇರಿಸಿ ಅದನ್ನು ಎರಡು ಸಲ ತಿದ್ದಿದರು. ತಿದ್ದಿದ ಮೇಲೆ ಕೆಳಗೆ ತಮ್ಮ ರುಜು ಹಾಕಿ ತಾರೀಖು ಬರೆದರು.

ಕೊನೆಯ ದಿನ ನಾಗಲಮಡಿಕೆಯ ಸುಬ್ರಹ್ಮಣ್ಯನ ದರ್ಶನ. ಕುಕ್ಕೆಯವನು ಆದಿ, ಘಾಟಿಯವನು ಮಧ್ಯ, ಇವನು ಅಂತ್ಯ ಸುಬ್ರಹ್ಮಣ್ಯ ಎನ್ನುತ್ತಾರೆ. ದೇವಾಲಯದ ಬಳಿ ಉತ್ತರ ಪಿನಾಕಿನಿ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆಯ ಕಡೆ ನಾವು ಕಂಡ ಜಯಮಂಗಲಿ ಹಿಂದೂಪುರದ ಕಡೆ ಈ ನದಿಯನ್ನು ಸೇರುತ್ತದೆ. ಅತ್ತೆಯ ಊರಿನ ನೀರು, ಬಂದಾಗ, ಚಿಕ್ಕಪ್ಪನ ಊರನ್ನು ಮುಟ್ಟುತ್ತದೆಂದು ತಿಳಿದು ಮಗಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಓದುಗರಲ್ಲಿ ಒಂದು ಬಿನ್ನಹ

ನಂಟರ ಮನೆಗೆ ಹೋಗುವಾಗ ಒಂದು ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಳ್ಳಿ. ಅದನ್ನು ಮಕ್ಕಳ ಕೈಗೇ ಕೊಡಿ. ನಮ್ಮೆದುರು ಬಾಯಿ ಬಿಡದ ಹಿರಿಯರು ಮಕ್ಕಳೆದುರು ಬಿಚ್ಚುಮನಸ್ಸಿನಿಂದ ಮಾತನಾಡುತ್ತಾರೆ. ಬೆಟ್ಟದ ಎತ್ತರವೂ ಮಸೀದಿಯ ವರ್ಷವೂ ಪುಸ್ತಕಗಳಲ್ಲಿ ದೊರೆಯುತ್ತವೆ. ದೊರೆಯದಿರುವುದನ್ನು ಬರೆಯಿಸಿ: ಆ ಮನೆಯಲ್ಲಿ ಮೊದಲು ಯಾರಿದ್ದರು, ಯಾವ ಊರಿನಿಂದ ಬಂದರು, ನೀರನ್ನು ಎಲ್ಲಿಂದ ತರುತ್ತಿದ್ದರು, ಯಾರಿಗೆ ಯಾರು ಏನಾಗಬೇಕು, ಅಡುಗೆಯ ಒಲೆ ಯಾವ ಮೂಲೆಯಲ್ಲಿತ್ತು. ಹೇಳಿದವರ ಹೆಸರನ್ನೂ ತಾರೀಖನ್ನೂ ಮರೆಯದೆ ಹಾಕಿಸಿ. ಚಿತ್ರ ತೆಗೆದರೆ ಅದರಲ್ಲಿರುವವರು ಯಾರೆಂದು ಅಂದೇ ಬರೆದಿಡಿ.

ನಮ್ಮ ಪುಸ್ತಕದಲ್ಲಿ ಇನ್ನೂರರ ಪೈಕಿ ಮೂವತ್ತೊಂದು ಪುಟಗಳು ತುಂಬಿವೆ. ಅತ್ತೆ ಹೇಳಿದ ಹನ್ನೊಂದು ಊರುಗಳಲ್ಲಿ ನಾವು ನೋಡಿರುವುದು ನಾಲ್ಕು ಮಾತ್ರ. ಉಳಿದ ಏಳಕ್ಕೆ ಬಸ್ಸು ಎಲ್ಲೆಲ್ಲಿ ಬದಲಿಸಬೇಕೆಂದು ಅತ್ತೆಯೇ ಫೋನಿನಲ್ಲಿ ಹೇಳುತ್ತಿದ್ದಾರೆ. ದಸರಾ ರಜೆಗೆ ಅವರನ್ನೂ ಜೊತೆಗೆ ಕರೆದೊಯ್ಯಬೇಕೆಂದು ಮಗಳು ನಿರ್ಧರಿಸಿಬಿಟ್ಟಿದ್ದಾಳೆ.